ಕುಣಿಯುವ ಮಕ್ಕಳ ಫೋಟೋ ಯಾವಾಗಲೂ ಮಸುಕಾಗುತ್ತದೆ, ಏನು ಮಾಡಲಿ?

ಮಗು ಜಿಗಿದು ತುತ್ತತುದಿ ಮುಟ್ಟುವ ಹೊತ್ತಿಗೆ ಕ್ಲಿಕ್ ಮಾಡಿ. ಶಟರ್ ವೇಗ, ಅಂದರೆ ಒಂದು ಚಿತ್ರಕ್ಕಾಗಿ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, ಸೆಕೆಂಡಿನ 1/500 ಅಥವಾ ಇನ್ನೂ ಕಡಿಮೆ ಇರಲಿ. ಮೇಲೇರುವ ದೇಹ ನಿಧಾನವಾಗುತ್ತಾ ಹೋಗಿ, ತುದಿಯಲ್ಲಿ ಒಂದು ಕ್ಷಣ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಗಾಳಿಯಲ್ಲಿರುವ ಸಮಯದ ಅರ್ಧದಷ್ಟು ಕಳೆಯುವುದು ಜಿಗಿತದ ಮೇಲಿನ ಕಾಲು ಭಾಗದಲ್ಲೇ! ಅದಕ್ಕೇ ಅಲ್ಲಿ ಮುಖ ಸ್ಪಷ್ಟವಾಗಿ ಸಿಗುತ್ತದೆ. ಬೀಸುವ ಜಡೆ ಸ್ವಲ್ಪ ಮಸುಕಾದರೆ ಬಿಡಿ, ನನಗಂತೂ ಅದು ಇಷ್ಟ. ಕಣ್ಣು ನೋಡಿ ಬೆರಳು ಒತ್ತುವಷ್ಟರಲ್ಲಿ ತಡವಾಗುತ್ತದೆ ಅಲ್ವಾ? ಹಾಗಾಗಿ ಮೊಣಕಾಲು ಬಗ್ಗಿದ್ದು ಕಂಡ ಕೂಡಲೇ ಸಿದ್ಧರಾಗಿ, ತುದಿಗೆ ತುಸು ಮುಂಚೆಯೇ ಒತ್ತಿ.

ಕುಣಿತ ಮುಗಿದರೂ ಕ್ಯಾಮೆರಾ ಒಳಗಿಡಬೇಡಿ. ಗೋಡೆಗೆ ಒರಗಿ ಪಾದ ತಿಕ್ಕಿಕೊಳ್ಳುವ ಹುಡುಗಿ, ಒಂದೇ ಬಾಟಲಿಯಲ್ಲಿ ನೀರು ಕುಡಿಯುವ ಇಬ್ಬರು ಗೆಳೆಯರು: ನನ್ನ ಮೆಚ್ಚಿನ ಚಿತ್ರಗಳು ಸಿಕ್ಕಿದ್ದು ಹಾಗೇ.