ಪಿಕಪ್ ಎಫ್‌ಸಿ ಈಗ ಮಷೀನಿನಲ್ಲಿ: ಗ್ಯಾರೇಜಿನವನ ಮಾತು

ಅರಕಲಗೂಡಿನ ಅಣ್ಣನವರೇ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿ ನೋಡಿದೆ. ನಿಮ್ಮದು ಹತ್ತು ವರ್ಷ ದಾಟಿದ ಪಿಕಪ್. ಆಲೂಗಡ್ಡೆ, ಶುಂಠಿ ತುಂಬಿಕೊಂಡು ವಾರಕ್ಕೆ ಎರಡು ಸಲ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತದೆ. ಇಷ್ಟು ವರ್ಷ ಆರ್‌ಟಿಒ ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಿ ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಅನ್ನುವ ಸರ್ಟಿಫಿಕೇಟ್, ಮಾಡಿಸಿದ್ದೀರಿ. ಈಗ ಮಷೀನ್ ಟೆಸ್ಟ್, ಮಷೀನು ಬೇಕಂತಲೇ ಫೇಲ್ ಮಾಡುತ್ತದೆ ಅಂತ ಏಜೆಂಟ್ ಹೆದರಿಸಿದ್ದಾನೆ. ಮೆಕ್ಯಾನಿಕ್‌ಗಳು ಏನಂತೀರಿ ಅಂತ ಕೇಳಿದ್ದೀರಿ.

ನಾನು ಹಾಸನದಲ್ಲಿ 22 ವರ್ಷದಿಂದ ಗೂಡ್ಸ್ ಗಾಡಿಗಳ ಕೆಲಸ ಮಾಡುತ್ತಿದ್ದೇನೆ. ನನ್ನ ಮಾತು ಇಷ್ಟೇ. ಘಾಟಿ ಇಳಿಯುವ ಗಾಡಿಗೆ ಮಷೀನ್ ಟೆಸ್ಟ್ ಬೇಕು. ಬ್ರೇಕ್ ಇದೆಯೋ ಇಲ್ಲವೋ ಅನ್ನುವುದನ್ನು ಕಣ್ಣಿನಲ್ಲಿ ನೋಡಿ ಹೇಳೋಕೆ ಆಗಲ್ಲ. ನಮ್ಮ ತಕರಾರು ಮಷೀನಿನ ಬಗ್ಗೆ ಅಲ್ಲ, ಅದನ್ನು ನಡೆಸುವ ರೀತಿ ಬಗ್ಗೆ.

ಮೊದಲು ರೂಲ್ ಏನು ಅಂತ ಹೇಳಿಬಿಡುತ್ತೇನೆ. ಬಾಡಿಗೆಗೆ ಓಡುವ ಗಾಡಿಗೆ 8 ವರ್ಷದ ತನಕ 2 ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. ಇದು ಹಳೆಯದೇ. ಹೊಸದು ಅಂದರೆ 2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ತಂದ ಆಟೊಮೇಟೆಡ್ ಟೆಸ್ಟಿಂಗ್ ಸ್ಟೇಷನ್ ರೂಲ್, ಅಂದರೆ ಮಷೀನಿನಲ್ಲಿ ಟೆಸ್ಟ್ ಮಾಡುವ ಸೆಂಟರ್‌ಗಳ ರೂಲ್. ಭಾರಿ ಗಾಡಿಗಳಿಗೆ 2023ರ ಏಪ್ರಿಲ್ 1ರಿಂದ ಕಡ್ಡಾಯ ಅಂದಿದ್ದರು, ಆಮೇಲೆ ಅದನ್ನು 2024ರ ಅಕ್ಟೋಬರ್ 1ಕ್ಕೆ ಮುಂದೂಡಿದರು. ನಮ್ಮ ಕಡೆಯವರಿಗೆ ಇದು ಪೂರ್ತಿ ಹೊಸದೇನಲ್ಲ, ನೆಲಮಂಗಲದಲ್ಲಿ ಇಂಥ ಸೆಂಟರ್ ಎಷ್ಟೋ ವರ್ಷದಿಂದ ಇದೆ. ನಿಮ್ಮ ಗಾಡಿ ಯಾವ ಸೆಂಟರ್‌ಗೆ ಹೋಗಬೇಕು ಅನ್ನುವುದು ಸರ್ಕಾರದ ಪರಿವಾಹನ್ ಸೈಟ್‌ನಲ್ಲಿ ಸ್ಲಾಟ್ ಬುಕ್ ಮಾಡುವಾಗ ಗೊತ್ತಾಗುತ್ತದೆ. ಏಜೆಂಟ್ ಬಾಯಿಂದ ಕೇಳಬೇಕಾಗಿಲ್ಲ.

ಈಗ ಒಂದು ಗಾಡಿಯ ವಿಷಯ ಹೇಳುತ್ತೇನೆ. ಹೋದ ಮಳೆಗಾಲಕ್ಕೆ ಮುಂಚೆ ಒಬ್ಬರು ಪಿಕಪ್ ತಂದರು. ಹೊಸ ಪೇಂಟ್, ಹೊಸ ಟಾರ್ಪಾಲ್, ನಂಬರ್ ಎಲ್ಲ ನೀಟಾಗಿ ಬರೆಸಿದ್ದರು. ಮಷೀನಿನಲ್ಲಿ ಹಿಂದಿನ ಬ್ರೇಕ್ ಫೇಲ್. "ಪೆಡಲ್ ಕಲ್ಲಿನ ಥರ ಗಟ್ಟಿ ಇದೆ, ಹೇಗೆ ಫೇಲ್ ಆಯ್ತು?" ಅಂತ ಅವರಿಗೆ ಸಿಟ್ಟು. ನಾನೂ ಓಡಿಸಿ ನೋಡಿದೆ. ಖಾಲಿ ಗಾಡಿ, ಸಮ ರಸ್ತೆ, ಚೆನ್ನಾಗಿಯೇ ನಿಂತಿತು. ಹಿಂದಿನ ಎಡ ಡ್ರಮ್ ಬಿಚ್ಚಿದೆ. ಬ್ರೇಕ್ ಒತ್ತಿದಾಗ ಲೈನರನ್ನು ತಳ್ಳುವ ವೀಲ್ ಸಿಲಿಂಡರ್‌ನ ರಬ್ಬರ್ ಬೂಟ್ ಎತ್ತಿದ ತಕ್ಷಣ ಬ್ರೇಕ್ ಆಯಿಲ್ ಬೆರಳ ಮೇಲೆ ಇಳಿಯಿತು. ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಆ ಲೈನರ್ ಕಪ್ಪಗೆ ನೆನೆದು, ಅದರ ಮೇಲೆ ಧೂಳು ಕೂತು ಮೇಣದ ಹಾಗೆ ಹೊಳೆಯುತ್ತಿತ್ತು. ಬಲಗಡೆ ಒಣಗಿದ್ದ ಒಳ್ಳೆಯ ಲೈನರ್. ಅಂದರೆ ಹಿಂದೆ ಒಂದೇ ಚಕ್ರ ಗಾಡಿ ಹಿಡಿಯುತ್ತಿತ್ತು. ಲೋಡ್ ಹಾಕಿ, ಮಳೆಯಲ್ಲಿ, ಶಿರಾಡಿಯಲ್ಲಿ ಗುಂಡ್ಯದ ಕಡೆ ಇಳಿಯುವಾಗ ಜೋರಾಗಿ ಬ್ರೇಕ್ ಹಾಕಿದ್ದರೆ ಗಾಡಿ ಅಡ್ಡ ತಿರುಗುತ್ತಿತ್ತು. ಸಿಲಿಂಡರ್ ಕಿಟ್, ಲೈನರ್, ಆಯಿಲ್ ಎಲ್ಲ ಸೇರಿ ಅವರು ಪೇಂಟಿಗೆ ಕೊಟ್ಟದ್ದಕ್ಕಿಂತ ಕಡಿಮೆ ದುಡ್ಡು ಆಯಿತು.

ಮಷೀನಿನಲ್ಲಿ ಆಗುವುದು ಏನು ಗೊತ್ತಾ? ಒಂದು ಆಕ್ಸಲ್‌ನ ಎರಡೂ ಚಕ್ರ ರೋಲರ್ ಮೇಲೆ ಕೂರುತ್ತವೆ. ರೋಲರ್ ಚಕ್ರವನ್ನು ತಿರುಗಿಸುತ್ತದೆ, ನೀವು ಬ್ರೇಕ್ ಒತ್ತುತ್ತೀರಿ. ಎಡ ಎಷ್ಟು ಹಿಡಿಯಿತು, ಬಲ ಎಷ್ಟು ಹಿಡಿಯಿತು ಅಂತ ಬೇರೆ ಬೇರೆ ಲೆಕ್ಕ ಬರುತ್ತದೆ. ಒಟ್ಟು ಹಿಡಿತ ಕಡಿಮೆ ಇದ್ದರೂ ಫೇಲ್, ಎಡ ಬಲದ ನಡುವೆ ವ್ಯತ್ಯಾಸ ಜಾಸ್ತಿ ಇದ್ದರೂ ಫೇಲ್. ಹ್ಯಾಂಡ್ ಬ್ರೇಕ್‌ಗೂ ಇದೇ ಟೆಸ್ಟ್. ರಿಸಲ್ಟ್ ಮಷೀನಿನಿಂದ ನೇರ ಕಂಪ್ಯೂಟರ್‌ಗೆ ಹೋಗುತ್ತದೆ. ಬಾಡಿಗೆ ಟೈರ್ ಹಾಕಿಕೊಂಡು ಹೋಗಿ ಎಫ್‌ಸಿ ಮಾಡಿಸಿ, ಸಂಜೆ ಹಳೇ ಟೈರ್ ಹಾಕಿಕೊಂಡು ಲೋಡಿಗೆ ಹೋದವರನ್ನು ನಾನೇ ನೋಡಿದ್ದೇನೆ. ಟೈರ್ ಬಾಡಿಗೆಗೆ ಸಿಗುತ್ತದೆ, ಬ್ರೇಕ್ ಸಿಗಲ್ಲ.

ಎಲ್ಲ ಮೆಕ್ಯಾನಿಕ್‌ಗಳೂ ನನ್ನ ಹಾಗೆ ಹೇಳುವುದಿಲ್ಲ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಈಗಲೂ ಇದನ್ನು ಒಪ್ಪುವುದಿಲ್ಲ. ಅವರ ಮಾತಿನಲ್ಲೂ ಹುರುಳಿದೆ. ಚಾಸಿಸ್‌ನಲ್ಲಿ ಕೂದಲೆಳೆ ಬಿರುಕು ಬಿಟ್ಟಿದ್ದರೆ, ಬ್ರೇಕ್ ಹೋಸ್ ಮೇಲೆ ಸಣ್ಣಗೆ ಸೀಳಿದ್ದರೆ, ಡೀಸೆಲ್ ಪೈಪ್ ಬಾಡಿ ತಗಡಿಗೆ ಉಜ್ಜಿ ತೆಳ್ಳಗಾಗಿದ್ದರೆ ರೋಲರ್‌ಗೆ ಅದು ಕಾಣಲ್ಲ. ಅದನ್ನು ಗಾಡಿ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಬೇಕು. ಕಣ್ಣಿನಲ್ಲಿ ನೋಡುವ ಭಾಗವೂ ರೂಲಿನಲ್ಲಿದೆ, ಆದರೆ ಕ್ಯೂ ಉದ್ದ ಇದ್ದ ದಿನ ಅದು ಅವಸರದಲ್ಲಿ ಮುಗಿಯುತ್ತದೆ. ಪಾಸ್ ಆಯಿತು ಅಂದರೆ ಗಾಡಿ ಪೂರ್ತಿ ಸರಿ ಇದೆ ಅಂತ ತಿಳಿಯಬೇಡಿ.

ನನಗೆ ಬೇಸರ ಇರುವುದು ಫೇಲ್ ಪೇಪರ್ ಬಗ್ಗೆ. ಒಂದು ಸೆಂಟರ್‌ನಿಂದ ಬಂದ ಗಾಡಿಯವರ ಕೈಯಲ್ಲಿ "ಬ್ರೇಕ್ ಫೇಲ್" ಅಂತ ಎರಡು ಪದ ಬಿಟ್ಟು ಬೇರೇನೂ ಇರಲಿಲ್ಲ. ಯಾವ ಚಕ್ರ, ಎಷ್ಟು ಕಡಿಮೆ, ಏನೂ ಇಲ್ಲ. ನಾಲ್ಕೂ ಡ್ರಮ್ ಬಿಚ್ಚಿದೆವು. ಅವರಿಗೆ ಸುಮ್ನೆ ಒಂದು ದಿನದ ಬಾಡಿಗೆ ಹೋಯಿತು. ನೀವು ಹೋದಾಗ ಪ್ರತಿ ಚಕ್ರದ ರೀಡಿಂಗ್ ಇರುವ ಪ್ರಿಂಟ್ ಕೇಳಿ ತನ್ನಿ. ಅದು ಸಿಕ್ಕರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದ ಹಾಗೆ. ನನ್ನ ಜೊತೆ ಕೆಲಸ ಕಲಿತ ಹುಡುಗ ಈಗ ಇಂಗ್ಲೆಂಡಿನಲ್ಲಿ ಗ್ಯಾರೇಜಿನಲ್ಲಿದ್ದಾನೆ. ಅಲ್ಲಿ ಎಂಒಟಿ ಅಂತ ವರ್ಷಕ್ಕೊಂದು ಟೆಸ್ಟ್. 2018ರ ಮೇ ತಿಂಗಳಿಂದ ಅಪಾಯದ್ದು, ದೊಡ್ಡದು, ಚಿಕ್ಕದು ಅಂತ ದೋಷಗಳನ್ನು ಬೇರೆ ಮಾಡುತ್ತಾರೆ. ಚಿಕ್ಕದಿದ್ದರೆ ಪಾಸ್ ಮಾಡಿ, ಬೇಗ ರಿಪೇರಿ ಮಾಡಿಸಿ ಅಂತ ಬರೆದು ಕೊಡುತ್ತಾರೆ. ನಮಗೂ ಅದು ಬೇಕು. ಆದರೆ ಅಲ್ಲಿ ಟೆಸ್ಟ್ ಮಾಡಿದ ಗ್ಯಾರೇಜೇ ರಿಪೇರಿನೂ ಮಾಡಬಹುದು. ನಮ್ಮ ರೂಲಿನಲ್ಲಿ ಟೆಸ್ಟಿಂಗ್ ಸ್ಟೇಷನ್‌ನವರು ರಿಪೇರಿ, ಸ್ಪೇರ್ ಪಾರ್ಟ್ಸ್ ವ್ಯಾಪಾರ ಮಾಡುವ ಹಾಗಿಲ್ಲ. ಇದು ಒಳ್ಳೆಯದು. ಫೇಲ್ ಮಾಡಿ ತಾವೇ ದುಡ್ಡು ಮಾಡಿಕೊಳ್ಳುತ್ತಾರೆ ಅನ್ನುವ ಅನುಮಾನಕ್ಕೆ ಜಾಗ ಕಡಿಮೆ.

ಫೀ ವಿಷಯದಲ್ಲಿ ಗಾಡಿಯವರ ಸಂಕಟ ನನಗೆ ಅರ್ಥ ಆಗುತ್ತದೆ. 2025ರ ನವೆಂಬರ್‌ನಲ್ಲಿ ಕೇಂದ್ರ ಏರಿಸಿದ ಫೀನಲ್ಲಿ 10 ವರ್ಷ ದಾಟಿದ ಕೂಡಲೇ ಗಾಡಿಯ ವಯಸ್ಸು ನೋಡಿ ಫೀ ಏರಿಸುವ ಲೆಕ್ಕ ಶುರು. 20 ವರ್ಷ ಮೀರಿದ ಭಾರಿ ಟ್ರಕ್ಕಿಗೆ 25,000 ರೂಪಾಯಿ. ಒಂದೇ ಗಾಡಿ ಇಟ್ಟುಕೊಂಡು ತಾನೇ ಓಡಿಸುವವನು ಆ ದುಡ್ಡನ್ನು ಲೈನರ್, ಟೈರ್‌ಗೆ ಇಟ್ಟಿದ್ದನ್ನು ತೆಗೆದೇ ಕಟ್ಟಬೇಕು. ಇದು ಸರಿಯಿಲ್ಲ ಅಂತ ನಾನು ಜೋರಾಗಿಯೇ ಹೇಳುತ್ತೇನೆ.

ಇನ್ನು ನಿಮ್ಮ ಗಾಡಿಗೆ ಬರೋಣ. ಎಫ್‌ಸಿ ಮುಗಿಯೋಕೆ ಒಂದೂವರೆ ತಿಂಗಳು ಇರುವಾಗಲೇ ಗ್ಯಾರೇಜಿಗೆ ಬಿಡಿ. ತಡವಾದರೆ ದಿನಕ್ಕೆ 50 ರೂಪಾಯಿ ದಂಡ ಬೆಳೆಯುತ್ತದೆ. ಅದಕ್ಕಿಂತ ದೊಡ್ಡದು, ಎಫ್‌ಸಿ ಇಲ್ಲದೆ ಏನಾದರೂ ಆದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯುತ್ತಾರೆ.

ನಮ್ಮ ಗ್ಯಾರೇಜುಗಳಲ್ಲಿ ರೋಲರ್ ಇಲ್ಲ, ತಾಲೂಕಿನ ಮೆಕ್ಯಾನಿಕ್‌ಗೆ ಅದನ್ನು ಕೊಳ್ಳುವ ಶಕ್ತಿಯೂ ಇಲ್ಲ. ಆದರೂ ದಾರಿ ಇದೆ. ಹಿಂದಿನ ಎರಡೂ ಚಕ್ರ ಜಾಕ್ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಒಬ್ಬರು ಪೆಡಲ್ ಮೆಲ್ಲಗೆ ಒತ್ತಲಿ. ಇನ್ನೊಬ್ಬರು ಒಂದೊಂದೇ ಚಕ್ರ ಕೈಯಲ್ಲಿ ತಿರುಗಿಸಲಿ. ಯಾವುದು ಮೊದಲು ಬಿಗಿಯಾಯಿತು ಅಂತ ಕೈಗೇ ತಿಳಿಯುತ್ತದೆ. ಆಮೇಲೆ ಹತ್ತು ಕಿಲೋಮೀಟರ್ ಓಡಿಸಿ ಬಂದು ಡ್ರಮ್ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಕಡೆ ಸುಡುವ ಶಾಖ, ಇನ್ನೊಂದು ಕಡೆ ತಣ್ಣಗಿದ್ದರೆ ಬಿಚ್ಚಿಯೇ ನೋಡಬೇಕು. ಲೈನರ್ ಹಾಕಿಸಿದರೆ ಎರಡೂ ಕಡೆ ಒಂದೇ ಕಂಪನಿಯದ್ದು ಹಾಕಿಸಿ. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಿಸಬೇಡಿ, ಅದು ಹಿಡಿಯಲ್ಲ.

ನಿಮ್ಮ ಗಾಡಿಯ ಹಿಂದಿನ ಸ್ಪ್ರಿಂಗ್‌ಗೆ ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿದ್ದೀರಾ? ಇದನ್ನು ತಪ್ಪದೆ ಹೇಳಿ. ಎಷ್ಟೋ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ಲೋಡ್ ಬಿದ್ದು ಬಾಡಿ ಕೆಳಗೆ ಕೂತರೆ ಅದು ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ ಬಿಡುತ್ತದೆ. ಪ್ಲೇಟ್ ಹಾಕಿ ಬಾಡಿ ಎತ್ತರಿಸಿದರೆ, ಎರಡು ಟನ್ ಇದ್ದರೂ ಗಾಡಿ ಖಾಲಿ ಅಂತಲೇ ವಾಲ್ವ್ ತಿಳಿಯುತ್ತದೆ. ಆಗ ಹಿಂದಿನ ಬ್ರೇಕ್ ಬೇಕಾದಷ್ಟು ಹಿಡಿಯಲ್ಲ, ಮುಂದಿನ ಬ್ರೇಕ್ ಕಾದು ಹೋಗುತ್ತದೆ. ಶಿರಾಡಿಯಲ್ಲಿ ಬ್ರೇಕ್ ವಾಸನೆ ಬರುತ್ತೆ ಅಂತ ಬರೆದಿದ್ದೀರಲ್ಲ, ನನಗೆ ಇದರ ಮೇಲೇ ಅನುಮಾನ. ಆ ವಾಲ್ವ್‌ನ ಲಿಂಕ್ ರಾಡ್ ತುಕ್ಕು ಹಿಡಿದಿದೆಯಾ, ಯಾರಾದರೂ ತಂತಿಯಲ್ಲಿ ಕಟ್ಟಿದ್ದಾರಾ ನೋಡಿಸಿ.

ಉಳಿದದ್ದು ಸಣ್ಣ ಸಣ್ಣದು. ಹೆಡ್‌ಲೈಟಿಗೆ ಹೊರಗಿನ ಎಲ್‌ಇಡಿ ಬಲ್ಬ್ ಹಾಕಿದ್ದರೆ ತೆಗೆದು ಕಂಪನಿ ಹ್ಯಾಲೊಜೆನ್ ಹಾಕಿ, ಇಲ್ಲದಿದ್ದರೆ ಬೆಳಕು ಚೆದುರಿ ಫೇಲ್ ಆಗುತ್ತದೆ. ಟೈರ್ ಗೆರೆಗಳ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಟೆಸ್ಟ್ ದಿನ ಗಾಳಿ ಎಡ ಬಲ ಸಮ ಇರಲಿ, ಗಾಳಿ ವ್ಯತ್ಯಾಸಕ್ಕೇ ಬ್ರೇಕ್ ರೀಡಿಂಗ್ ಬೇರೆ ಬರುತ್ತದೆ. ವೇಗ ಮಿತಿ ಮೀರದಂತೆ ತಡೆಯುವ ಸ್ಪೀಡ್ ಗವರ್ನರ್ ವೈರ್ ಕಿತ್ತಿದ್ದರೆ ಜೋಡಿಸಿ. ರಿಫ್ಲೆಕ್ಟರ್ ಟೇಪ್ ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಹೊಗೆಗೆ ಏರ್ ಫಿಲ್ಟರ್ ಬದಲಿಸಿ, ಇಂಜಿನ್ ಚೆನ್ನಾಗಿ ಬಿಸಿ ಮಾಡಿಕೊಂಡೇ ಹೋಗಿ. ಹೊಗೆಯ ದಟ್ಟಣೆಯನ್ನು ಎಚ್‌ಎಸ್‌ಯು ಅಂತ ಅಳೆಯುತ್ತಾರೆ, ಅದು ಹಳೆಯ ಬಿಎಸ್3 ಮಾಲಿನ್ಯ ಮಟ್ಟದ ಡೀಸೆಲ್ ಗಾಡಿಗೆ 65, ಬಿಎಸ್4 ಗಾಡಿಗೆ 50ರ ಒಳಗೆ ಇರಬೇಕು.

ಟ್ರ್ಯಾಕ್ಟರ್ ಬಗ್ಗೆನೂ ಕೇಳಿದ್ದಿರಿ. ವ್ಯವಸಾಯದ ಟ್ರ್ಯಾಕ್ಟರ್ ಅಂತ ರಿಜಿಸ್ಟರ್ ಆಗಿದ್ದರೆ ಅದಕ್ಕೆ ಈ ವರ್ಷ ವರ್ಷದ ಎಫ್‌ಸಿ ಇಲ್ಲ. 15 ವರ್ಷ ಆದ ಮೇಲೆ ಆರ್‌ಸಿ ರಿನ್ಯೂ ಮಾಡಿಸಬೇಕು, ಆಮೇಲೆ 5 ವರ್ಷಕ್ಕೊಮ್ಮೆ.

ಏಜೆಂಟ್‌ಗೆ ಈಗಲೇ ದುಡ್ಡು ಕೊಡಬೇಡಿ ಅಣ್ಣ. ಮೊದಲು ಡ್ರಮ್ ಬಿಚ್ಚಿಸಿ. ಬಿಚ್ಚಿದ ದಿನ ಲೈನರ್ ಫೋಟೊ, ಆ ವಾಲ್ವ್‌ನ ಫೋಟೊ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ. ಎಡ, ಬಲ ಎರಡೂ ಕಡೆಯದ್ದು ಇರಲಿ.