ಓದುಗರ ಪ್ರಶ್ನೆ: ಪೋಷಕರ ಸಭೆಗೆ ಯಾರೂ ಬಾರದಿದ್ದಾಗ

ಪ್ರಶ್ನೆ: ಜಗಳೂರು ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಆರನೆಯ ತರಗತಿಯ ಶಿಕ್ಷಕಿ. ಮಕ್ಕಳಲ್ಲಿ ಹೆಚ್ಚಿನವರು ಕೂಲಿ ಕುಟುಂಬದವರು. ಎಷ್ಟು ಸಲ ಹೇಳಿ ಕಳುಹಿಸಿದರೂ ಪೋಷಕರ ಸಭೆಗೆ ನಾಲ್ಕೈದು ಜನರಿಗಿಂತ ಹೆಚ್ಚು ಬರುವುದಿಲ್ಲ. ಈರುಳ್ಳಿ ಕೀಳುವ ಕಾಲಕ್ಕೆ ಮಕ್ಕಳೂ ನಾಪತ್ತೆ. ಕಾಫಿ ಸೀಮೆಗೆ ದುಡಿಯಲು ಹೋದವರಂತೂ ತಿಂಗಳುಗಟ್ಟಲೆ ಇತ್ತ ತಲೆಹಾಕುವುದಿಲ್ಲ. ಸರ್ಕಾರ ಪುಸ್ತಕ, ಸಮವಸ್ತ್ರ, ಊಟ, ಹಾಲು ಎಲ್ಲವನ್ನೂ ಕೊಡುತ್ತಿರುವಾಗ ಇವರ ಅಸಡ್ಡೆಯನ್ನು ತಿದ್ದುವುದು ಹೇಗೆ?

ಉತ್ತರ: ನಿಮ್ಮ ಬೇಸರ ಸಹಜವೇ. ಆದರೆ ಅದನ್ನು ಅಸಡ್ಡೆ ಎಂದು ತೀರ್ಮಾನಿಸುವ ಮುನ್ನ ಸಭೆಯನ್ನು ಎಷ್ಟು ಗಂಟೆಗೆ ಕರೆದಿದ್ದಿರಿ ಎಂಬುದನ್ನು ಒಮ್ಮೆ ನೋಡಿ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಎಂದರೆ ಕೂಲಿಯವರಿಗೆ ಆ ದಿನದ ಕೂಲಿ ಪೂರ್ತಿ ಹೋದಂತೆ, ಮತ್ತು ಕೆಲಸ ಜೋರಾಗಿರುವಾಗ ತಪ್ಪಿಸಿಕೊಂಡವರನ್ನು ಮೇಸ್ತ್ರಿ ಮರುದಿನ ಗಾಡಿ ಹತ್ತಿಸಿಕೊಳ್ಳುತ್ತಾನೆಂಬ ಖಾತ್ರಿಯೂ ಇಲ್ಲ. ಸಂಜೆ ಏಳರ ಮೇಲೆ, ಅವರ ಕೇರಿಯ ಗುಡಿಕಟ್ಟೆಯ ಮೇಲೆಯೇ ಕುಳಿತು ಮಾತನಾಡಿ ನೋಡಿ.

ಕೈ ಬರಿದಾಗಿರುವಾಗ ಮನುಷ್ಯನ ಗಮನವೂ ಕುಗ್ಗುತ್ತದೆ ಎಂಬುದಕ್ಕೆ ಆಧಾರವಿದೆ. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಟಾವಿಗೆ ಮುಂಚೆ ಹಣದ ಮುಗ್ಗಟ್ಟಿನಲ್ಲಿದ್ದಾಗ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದ ರೈತರೇ ಕಟಾವಿನ ಹಣ ಕೈಸೇರಿದ ಮೇಲೆ ಸ್ಪಷ್ಟವಾಗಿ ಉತ್ತಮ ಫಲಿತಾಂಶ ತೋರಿದರು. ರೈತರು ಅವರೇ, ಬುದ್ಧಿಯೂ ಅದೇ, ಬದಲಾದದ್ದು ಜೇಬು. ಆದ್ದರಿಂದ ಸಹಿ ಮಾಡಲು ಮರೆತ ತಂದೆಯನ್ನು ಬೇಜವಾಬ್ದಾರಿಯವನೆಂದು ಬರೆದುಹಾಕುವುದು ಅನ್ಯಾಯವಾದೀತು.

ಎಲ್ಲವೂ ಉಚಿತ ಎಂಬ ಮಾತೂ ಪೂರ್ತಿ ನಿಜವಲ್ಲ. ವಿದ್ಯಾರ್ಥಿವೇತನವನ್ನೇ ತೆಗೆದುಕೊಳ್ಳಿ: ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, ಖಾತೆಗೆ ಆಧಾರ್ ಜೋಡಿಸಲು ಬ್ಯಾಂಕು, ಹೆಸರಿನ ಒಂದಕ್ಷರ ತಪ್ಪಿದ್ದರೆ ಮತ್ತೆ ಮೊದಲಿನಿಂದ ಅಲೆದಾಟ. ಪ್ರತಿಯೊಂದು ಓಡಾಟಕ್ಕೂ ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು. ದಾಖಲೆಗಳ ಪಟ್ಟಿಯನ್ನು ಒಂದೇ ಸಲಕ್ಕೆ, ಅದೂ ಸುಗ್ಗಿ ಮುಗಿದ ಮೇಲೆ ಕೊಟ್ಟು, ಹೆಸರುಗಳ ಅಕ್ಷರವನ್ನು ನೀವೇ ಮೊದಲು ತಾಳೆ ನೋಡಿದರೆ ಆ ಕುಟುಂಬಕ್ಕೆ ಉಪದೇಶಕ್ಕಿಂತ ಹೆಚ್ಚಿನ ಉಪಕಾರವಾಗುತ್ತದೆ. ಮರುದಿನಕ್ಕೇ ಚಾರ್ಟು, ಬಣ್ಣದ ಪೆನ್ಸಿಲ್ಲು ತರಲು ಹೇಳುವ ಅಭ್ಯಾಸವನ್ನೂ ಬಿಡಬಹುದು. ತರಲಾಗದ ಮಗು ಅಂದು ಹೊಟ್ಟೆನೋವೆಂದು ಮನೆಯಲ್ಲೇ ಉಳಿಯುತ್ತದೆ.

ವಲಸೆ ಹೋಗುವವರ ವಿಷಯದಲ್ಲಿ ಕಾನೂನು ನಿಮ್ಮ ಕೈಯಲ್ಲಿದೆ. ಶಿಕ್ಷಣ ಹಕ್ಕು ಕಾಯ್ದೆ 2009ರ 5ನೇ ಸೆಕ್ಷನ್ ಪ್ರಕಾರ ವರ್ಗಾವಣೆ ಪತ್ರವನ್ನು ಕೇಳಿದ ಕೂಡಲೇ ಕೊಡಬೇಕು; ಪತ್ರ ತಡವಾಯಿತೆಂದು ಇನ್ನೊಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಕಳುಹಿಸುವಂತಿಲ್ಲ. ಹೊರಡುವ ಮುನ್ನ ಯಾವ ಊರು, ಯಾವ ತೋಟ ಎಂದು ಕೇಳಿಟ್ಟುಕೊಂಡು ಅಲ್ಲಿನ ಶಾಲೆಗೆ ಒಂದು ಫೋನ್ ಮಾಡಿ. ಅಜ್ಜಿಯ ಬಳಿ ಮಗುವನ್ನು ಬಿಟ್ಟು ಹೋಗಲು ಒಪ್ಪುವ ಮನೆಗಳೂ ಇರುತ್ತವೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಮಕ್ಕಳಿಗಾಗಿ ಋತುಮಾನದ ವಸತಿ ವ್ಯವಸ್ಥೆಗೆ ಅವಕಾಶವಿರುವುದರಿಂದ, ಹೋಗುವವರ ಪಟ್ಟಿಯನ್ನು ಮೊದಲೇ ನಿಮ್ಮ ಸಮೂಹ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿಯವರಿಗೆ ಕೊಟ್ಟಿರಿ.

ಪ್ರಶ್ನೆ: ದಾವಣಗೆರೆಯ ನಮ್ಮ ಶಾಲೆಗೆ ದಾನಿಗಳೊಬ್ಬರು ಬ್ಯಾಗು ಕೊಡಲು ಮುಂದೆ ಬಂದಿದ್ದಾರೆ. ಕಡುಬಡವರ ಮಕ್ಕಳನ್ನು ಆರಿಸಿ ವೇದಿಕೆಗೆ ಕರೆಯಬೇಕಂತೆ. ಇದು ಸರಿಯೇ?

ಉತ್ತರ: ಸರಿಯಲ್ಲ. ಉತ್ತರ ಪ್ರದೇಶದ ಹಳ್ಳಿಯ ಶಾಲಾ ಬಾಲಕರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಜಾತಿಯನ್ನು ಹೇಳದಿದ್ದಾಗ ದಲಿತ ಬಾಲಕರು ಒಗಟು ಬಿಡಿಸುವುದರಲ್ಲಿ ಉಳಿದವರಿಗೆ ಸರಿಸಾಟಿಯಾಗಿದ್ದರು. ಎಲ್ಲರೆದುರು ಜಾತಿಯನ್ನು ಓದಿ ಹೇಳಿದಾಗ ಹಿಂದೆ ಬಿದ್ದರು. ಅದು ಜಾತಿಯ ಪ್ರಯೋಗವಾದರೂ ಬಡವರೆಂದು ಹೆಸರು ಕೂಗಿ ನಿಲ್ಲಿಸಿದಾಗ ಮಗುವಿನ ಮೇಲೆ ಆಗುವುದು ಬೇರೆಯದೇನೂ ಅಲ್ಲವೆಂದು ನನ್ನ ಅಭಿಪ್ರಾಯ. ಸಾಧ್ಯವಾದರೆ ಇಡೀ ತರಗತಿಗೆ ಕೊಡಿಸಿ, ಇಲ್ಲವೇ ತರಗತಿ ಶಿಕ್ಷಕರ ಮೂಲಕ ಸದ್ದಿಲ್ಲದೆ ತಲುಪಿಸಿ. ದಾನಿಗಳಿಗೆ ಫೋಟೊ ಬೇಕೇಬೇಕೆಂದಾದರೆ, ಬ್ಯಾಗುಗಳ ಗಂಟನ್ನು ಮುಖ್ಯ ಶಿಕ್ಷಕರ ಕೈಗೆ ಒಪ್ಪಿಸುವ ಫೋಟೊ ತೆಗೆಸಿಕೊಳ್ಳಲಿ.