ಬಾ ಇಟ್ಟುಕೊಂಡಿದ್ದ ನಾಲ್ಕು ರೂಪಾಯಿ

ಈ ಬಾರಿ ಬಂದ ಪತ್ರಗಳ ಕಟ್ಟಿನಲ್ಲಿ ನಾಲ್ಕು ಪತ್ರಗಳು ಗಾಂಧೀಜಿಯ ಹೆಂಡತಿ ಕಸ್ತೂರಬಾ, ಅಂದರೆ ‘ಬಾ’ ಅವರ ಬಗ್ಗೆಯೇ ಇದ್ದವು. ಮಿಕ್ಕವರು ಮುನಿಸಿಕೊಳ್ಳಬಾರದು, ನಿಮ್ಮ ಪ್ರಶ್ನೆಗಳು ಮುಂದಿನ ಸಂಚಿಕೆಗೆ.

ಪ್ರಶ್ನೆ: ನನ್ನ ಮೊಮ್ಮಗಳು ಶಾಲೆಯಲ್ಲಿ ಕಸ್ತೂರಬಾ ವೇಷ ಹಾಕಿದ್ದಳು. ಬಿಳಿ ಸೀರೆ, ಕೈಯಲ್ಲಿ ತಕಲಿ. ‘ನಾನು ಬಾಪು ಅವರ ನೆರಳು’ ಎಂಬ ಒಂದೇ ಮಾತನ್ನು ಕಲಿಸಿ ಕಳಿಸಿದ್ದೆವು. ಮನೆಗೆ ಬಂದ ಮೇಲೆ, ‘ಅಜ್ಜಿ, ನೆರಳಿಗೆ ತನ್ನದು ಅಂತ ಏನಾದರೂ ಇರುತ್ತದೆಯೇ?’ ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ. ನೀವೇ ಹೇಳಿ. — ಓದುಗರೊಬ್ಬರು, ಸಾಗರ

ಉತ್ತರ: ಅಮ್ಮಾ, ನೀವು ಕಲಿಸಿದ ಮಾತಿಗಿಂತ ಹುಡುಗಿಯ ಪ್ರಶ್ನೆಯೇ ಮೇಲು. ‘ತನ್ನದು’ ಎಂಬ ಮಾತಿಗಾಗಿ ಆ ಮನೆಯಲ್ಲಿ ಜಗಳಗಳೇ ನಡೆದಿವೆ. ಆ ಜಗಳಗಳನ್ನು ನಮಗೆ ತಿಳಿಸಿದವರೂ ಗಂಡನೇ. ಬಾ ತಮ್ಮ ಕಥೆ ಬರೆಯಲಿಲ್ಲ. ಗಾಂಧೀಜಿ ಆತ್ಮಕಥೆಯಲ್ಲಿ ತಮ್ಮ ತಪ್ಪು ಒಪ್ಪಿಕೊಳ್ಳಲು ಕುಳಿತಾಗಲೆಲ್ಲ ಹೆಂಡತಿಯ ದನಿ ಸಂದಿಯಿಂದ ಕೇಳಿಬರುತ್ತದೆ. ಅಲ್ಲಿ ಕಿವಿಗೊಡಬೇಕು.

ಮೊದಲು ಒಡವೆಗಳ ವಿಷಯ. 1888ರಲ್ಲಿ ಗಾಂಧಿ ಬ್ಯಾರಿಸ್ಟರ್ ಓದಲು ಲಂಡನ್ನಿಗೆ ಹೊರಟಾಗ, ಹೆಂಡತಿಯ ಒಡವೆ ಮಾರಿದರೆ ಎರಡು ಮೂರು ಸಾವಿರ ರೂಪಾಯಿ ಹುಟ್ಟಬಹುದು ಎಂದು ಮನೆಯವರಿಗೆ ಸೂಚಿಸಿದ್ದರು. ಆಗ ಕಸ್ತೂರಬಾಗೆ ಹತ್ತೊಂಬತ್ತು ವರ್ಷ, ಮಡಿಲಲ್ಲಿ ಹಸುಗೂಸು ಹರಿಲಾಲ. ಆಕೆಯನ್ನು ಯಾರಾದರೂ ಕೇಳಿದರೋ ಎಂಬ ಪ್ರಶ್ನೆ ಆ ಕಾಲದಲ್ಲಿ ಯಾರ ಮನೆಯಲ್ಲೂ ಏಳುತ್ತಿರಲಿಲ್ಲ, ಬಿಡಿ.

ಹತ್ತು ವರ್ಷದ ನಂತರ, 1898ರ ಸುಮಾರಿಗೆ, ದಕ್ಷಿಣ ಆಫ್ರಿಕಾದ ಡರ್ಬನ್ನಿನ ಮನೆ. ಗಾಂಧಿಯವರ ಗುಮಾಸ್ತರು ಅಲ್ಲಿಯೇ ಉಳಿಯುತ್ತಿದ್ದರು. ಕೋಣೆಗಳಿಗೆ ನೀರು ಹರಿದುಹೋಗುವ ವ್ಯವಸ್ಥೆ ಇರಲಿಲ್ಲ, ಮೂತ್ರದ ಪಾತ್ರೆಗಳಿದ್ದವು. ಅವನ್ನು ಚೆಲ್ಲಿ ತೊಳೆಯುವ ಕೆಲಸ ಗಂಡಹೆಂಡಿರದು. ಹೊಸದಾಗಿ ಬಂದ ಗುಮಾಸ್ತರೊಬ್ಬರು ಅಸ್ಪೃಶ್ಯರೆಂದು ದೂರವಿಟ್ಟಿದ್ದ ಪಂಚಮರ ಮನೆಯಲ್ಲಿ ಹುಟ್ಟಿದ ಕ್ರೈಸ್ತರು. ಅವರ ಪಾತ್ರೆ ಹಿಡಿದು ಮೆಟ್ಟಿಲಿಳಿಯುವಾಗ ಬಾ ಅಳುತ್ತಿದ್ದರು. ಅಳುವುದೂ ಕೂಡದು, ನಗುನಗುತ್ತ ಮಾಡಬೇಕು ಎಂದು ಗಂಡ ರೇಗಿದರು. ನಿನ್ನ ಮನೆ ನೀನೇ ಇಟ್ಟುಕೋ, ನಾನು ಹೋಗುತ್ತೇನೆ ಎಂದರು ಬಾ. ಗಾಂಧಿ ಅವರ ಕೈ ಹಿಡಿದು ಗೇಟಿನವರೆಗೆ ಎಳೆದುಕೊಂಡು ಹೋಗಿ ಬಾಗಿಲು ತೆರೆಯಲು ಹೊರಟರು. ನಾಚಿಕೆಯಾಗುವುದಿಲ್ಲವೇ, ಈ ಪರದೇಶದಲ್ಲಿ ತಾಯಿಯೋ ತಂದೆಯೋ ನೆಂಟರೋ ಇದ್ದಾರೆಯೇ, ನಾನು ಎಲ್ಲಿಗೆ ಹೋಗಲಿ ಎಂದು ಬಾ ಕೇಳಿದರು. ಆಮೇಲೆ, ಮೊದಲು ಗೇಟು ಮುಚ್ಚಿ, ಯಾರಾದರೂ ನೋಡಿಯಾರು ಎಂದರು. ಕಣ್ಣೀರು ಸುರಿಯುತ್ತಿರುವಾಗಲೂ ಆ ಮನೆಯ ಮಾನ ಕಾಯುವ ಎಚ್ಚರ ಅವರಲ್ಲಿತ್ತು.

ಇಲ್ಲಿ ನಾನು ಬಾ ಅವರನ್ನು ಪೂರ್ತಿ ವಹಿಸಿಕೊಳ್ಳಲಾರೆ. ಆ ಅಳುವಿನಲ್ಲಿ ಜಾತಿಯ ಅಸಹ್ಯವೂ ಇತ್ತು. ಗಾಂಧಿ ಹೇಳಿದ್ದು ಸರಿ, ಎಳೆದದ್ದು ತಪ್ಪು. ಎರಡೂ ಒಂದೇ ಮೆಟ್ಟಿಲಿನ ಮೇಲೆ ನಡೆದವು.

1901ರಲ್ಲಿ ಭಾರತಕ್ಕೆ ಹೊರಟಾಗ ಅಲ್ಲಿನ ಭಾರತೀಯರು ಉಡುಗೊರೆಗಳನ್ನು ಸುರಿದರು. ಅದರಲ್ಲಿ ಬಾ ಅವರಿಗೆಂದೇ ಕೊಟ್ಟ, 50 ಗಿನಿ ಬೆಲೆಯ ಒಂದು ಚಿನ್ನದ ಹಾರ. ಗಾಂಧಿ ರಾತ್ರಿಯೆಲ್ಲ ನಿದ್ದೆಗೆಟ್ಟು, ಎಲ್ಲವನ್ನೂ ಸಮುದಾಯದ ಟ್ರಸ್ಟಿಗೆ ಒಪ್ಪಿಸುವುದೆಂದು ತೀರ್ಮಾನಿಸಿ ಕಾಗದವನ್ನೂ ಬರೆದರು. ಮೊದಲು ಮಕ್ಕಳನ್ನು ಒಪ್ಪಿಸಿದರು. ಹೆಂಡತಿಯ ಬಳಿಗೆ ಹೋಗುವ ಮುನ್ನ ಮಕ್ಕಳನ್ನು ತಮ್ಮ ಕಡೆಗೆ ಎಳೆದುಕೊಳ್ಳುವ ಉಪಾಯ ವಕೀಲರಿಗಷ್ಟೇ ಅಲ್ಲ, ಎಲ್ಲ ಗಂಡಂದಿರಿಗೂ ಗೊತ್ತು. ಬಾ ಅವರ ವಾದ ನೋಡಿ: ನಾನು ಹಾಕಿಕೊಳ್ಳುವುದು ಬೇಡ, ಸರಿ. ನಾಳೆ ಸೊಸೆಯಂದಿರು ಬರುತ್ತಾರಲ್ಲ, ಅವರಿಗೆ? ನನಗೆ ಕೊಟ್ಟ ಹಾರದ ಮೇಲೆ ನಿಮಗೇನು ಹಕ್ಕು? ಅದು ನಿನ್ನ ಸೇವೆಗೆ ಕೊಟ್ಟದ್ದೋ ನನ್ನ ಸೇವೆಗೆ ಕೊಟ್ಟದ್ದೋ ಎಂದು ಗಾಂಧಿ ಅಡ್ಡಪ್ರಶ್ನೆ ಹಾಕಿದರು. ನಿಮ್ಮ ಸೇವೆ ಅಂದರೆ ನನ್ನದೂ ತಾನೇ, ಹಗಲೂ ರಾತ್ರಿ ನಿಮಗಾಗಿ ದುಡಿದೆನಲ್ಲ, ಕಂಡಕಂಡವರನ್ನೆಲ್ಲ ಮನೆಗೆ ತುಂಬಿ ನನ್ನಿಂದ ಚಾಕರಿ ಮಾಡಿಸಿದಿರಲ್ಲ, ಅದು ಸೇವೆಯಲ್ಲವೇ?

ಈ ಮಾತು ಚೂಪಾಗಿ ನಾಟಿತು ಎಂದು ಗಾಂಧೀಜಿಯೇ ಬರೆದಿದ್ದಾರೆ. ಆದರೂ ಹಾರ ಟ್ರಸ್ಟಿಗೇ ಹೋಯಿತು. ಮನೆಗೆಲಸಕ್ಕೆ ಬೆಲೆ ಕಟ್ಟುವ ಬಗ್ಗೆ ಈಗ ದೊಡ್ಡ ದೊಡ್ಡ ಸಭೆಗಳಾಗುತ್ತವೆ. ಇಸ್ಕೂಲಿನ ಮೆಟ್ಟಿಲು ಹತ್ತದ ಪೋರಬಂದರಿನ ವ್ಯಾಪಾರಿಯ ಮಗಳು ಆ ಲೆಕ್ಕವನ್ನು ಅಂದೇ ಗಂಡನ ಮುಂದೆ ಇಟ್ಟಿದ್ದರು.

ಮುಂದೆ ಅವರ ಲೆಕ್ಕದಲ್ಲಿ ಬೇರೆಯವರ ಬಡತನವೂ ಸೇರಿತು. 1917ರಲ್ಲಿ ಬಿಹಾರದ ಚಂಪಾರಣ್ಯದಲ್ಲಿ, ಹೆಂಗಸರು ಏಕೆ ಕೊಳೆ ಸೀರೆಯಲ್ಲೇ ಇರುತ್ತಾರೆ ಎಂದು ವಿಚಾರಿಸಲು ಗಾಂಧಿ ಬಾ ಅವರನ್ನೇ ಕಳಿಸಿದರು. ಒಬ್ಬಾಕೆ ಅವರನ್ನು ಗುಡಿಸಲಿನೊಳಗೆ ಕರೆದುಕೊಂಡು ಹೋಗಿ, ಇಲ್ಲಿ ಪೆಟ್ಟಿಗೆ ಇದೆಯೇ, ಕಪಾಟು ಇದೆಯೇ, ಉಟ್ಟಿರುವ ಸೀರೆ ಒಂದೇ, ಇದನ್ನು ಒಗೆದರೆ ಏನು ಉಡಲಿ ಎಂದಳು. ಸೊಸೆಯರಿಗಾಗಿ ಹಾರ ಎತ್ತಿಡಲು ಹೊರಟಿದ್ದ ಬಾ ಆ ಗುಡಿಸಲಿನಲ್ಲಿ ನಿಂತು ಏನು ಯೋಚಿಸಿದ್ದಿರಬಹುದು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಇಷ್ಟೆಲ್ಲ ಆದ ಮೇಲೂ, 1929ರಲ್ಲಿ, ಸಾಬರಮತಿಯಲ್ಲಿ ನಾಲ್ಕು ರೂಪಾಯಿಯ ಪ್ರಕರಣ ನಡೆಯಿತು. ಆಶ್ರಮದಲ್ಲಿ ಯಾರಿಗೂ ಸ್ವಂತ ಹಣ ಇರಕೂಡದು. ಅದಕ್ಕೂ ಒಂದೆರಡು ವರ್ಷ ಮೊದಲು ಬಾ, ಬಂದುಹೋದವರು ಕೊಟ್ಟ ನೂರಿನ್ನೂರು ರೂಪಾಯಿ ಕೂಡಿಟ್ಟಿದ್ದರು. ಕಳ್ಳರು ಬಂದಾಗ ಅದು ಬಯಲಾಗಿ ಅವರು ಪಶ್ಚಾತ್ತಾಪಪಟ್ಟಿದ್ದರು. ಆಮೇಲೆ ಯಾರೋ ಅಪರಿಚಿತರು ನಾಲ್ಕು ರೂಪಾಯಿ ಕೊಟ್ಟರು. ಬಾ ಅದನ್ನು ಆಶ್ರಮದ ಕಚೇರಿಗೆ ಕಟ್ಟದೆ ತಮ್ಮಲ್ಲೇ ಇಟ್ಟುಕೊಂಡರು. ಗಾಂಧೀಜಿ ಇದನ್ನು ತಮ್ಮ ‘ನವಜೀವನ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಹೆಂಡತಿಯ ನಾಲ್ಕು ರೂಪಾಯಿಯ ಸುದ್ದಿಯನ್ನು ಗುಜರಾತೆಲ್ಲ ಓದಿತು.

ನನ್ನ ತಾಯಿ ಸಾಸಿವೆ ಡಬ್ಬಿಯ ತಳದಲ್ಲಿ ನೋಟು ಮಡಚಿಡುತ್ತಿದ್ದರು. ಅಪ್ಪನಿಗೆ ಗೊತ್ತಿತ್ತು, ಆದರೆ ಎಂದೂ ಆ ಡಬ್ಬಿಗೆ ಕೈ ಹಾಕಿದವರಲ್ಲ. ಅದನ್ನು ಕಳ್ಳತನ ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಗಾಂಧೀಜಿಯ ಮೇಲೆ ನನಗಿರುವ ಗೌರವ ದೊಡ್ಡದು. ಆ ಲೇಖನದ ವಿಷಯದಲ್ಲಿ ಮಾತ್ರ ನಾನು ಸಾಸಿವೆ ಡಬ್ಬಿಯ ಕಡೆಗೆ.

ಅಂತೂ ಒಂದು ವಸ್ತುವನ್ನು ಬಾ ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಬಾಪು ನೂತ ನೂಲಿನ ಒಂದು ಸೀರೆ, ತಮ್ಮ ಕೊನೆಯ ಪಯಣಕ್ಕೆಂದು ಎತ್ತಿಟ್ಟದ್ದು. 1944ರ ಫೆಬ್ರುವರಿ 22ರ ಶಿವರಾತ್ರಿಯ ಸಂಜೆ ಪುಣೆಯ ಆಗಾ ಖಾನ್ ಅರಮನೆಯ ಬಂಧನದಲ್ಲೇ ಅವರು ತೀರಿಕೊಂಡಾಗ ಅದನ್ನೇ ಉಡಿಸಿದರು.

ಪ್ರಶ್ನೆ: ಸರಿಯಾದ ಹೆಸರು ಕಸ್ತೂರಬಾ ಎಂದೋ ಕಸ್ತೂರಿಬಾಯಿ ಎಂದೋ? — ಓದುಗರೊಬ್ಬರು, ಬೆಂಗಳೂರು

ಉತ್ತರ: ತವರಿನ ಹೆಸರು ಕಸ್ತೂರ. ಗೌರವಕ್ಕೆ ‘ಬಾಯಿ’ ಸೇರಿ ಕಸ್ತೂರಬಾಯಿ. ಗುಜರಾತಿಯಲ್ಲಿ ‘ಬಾ’ ಎಂದರೆ ತಾಯಿ, ಆಶ್ರಮದವರೆಲ್ಲ ಹಾಗೆ ಕರೆದು ಕರೆದು ಅದೇ ನಿಂತಿತು. ಕನ್ನಡದ ಕಿವಿಗೆ ಅದು ಯಾರನ್ನೋ ಹತ್ತಿರ ಕರೆದಂತೆ ಕೇಳಿಸುತ್ತದೆ, ಅದೂ ಚೆನ್ನಾಗಿಯೇ ಇದೆ. ನಿಮ್ಮೂರಿನ ಕಸ್ತೂರಬಾ ರಸ್ತೆಯ ಹಳೆಯ ಹೆಸರು ಸಿಡ್ನಿ ರಸ್ತೆ.

ಪ್ರಶ್ನೆ: ಕಸ್ತೂರಬಾ ಜೈಲಿಗೆ ಹೋದದ್ದು ಗಂಡ ಹೋದರೆಂದು ತಾನೇ? — ಓದುಗರೊಬ್ಬರು, ದಾವಣಗೆರೆ

ಉತ್ತರ: ಅಲ್ಲ. ಮೊದಲ ಸಲವಂತೂ, ಆ ಹೋರಾಟದಲ್ಲಿ ಗಂಡ ಸೆರೆಯಾಗುವ ಮುಂಚೆಯೇ ಹೋದರು. 1913ರ ಮಾರ್ಚ್ 14ರಂದು ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತದ ನ್ಯಾಯಮೂರ್ತಿ ಸರ್ಲ್ ಒಂದು ತೀರ್ಪು ಕೊಟ್ಟರು. ಕ್ರೈಸ್ತ ವಿಧಿಯಂತೆ ನಡೆಯದ, ನೋಂದಣಿಯೂ ಆಗದ ಮದುವೆ ಅಲ್ಲಿನ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ ಎಂಬುದು ಅದರ ಸಾರ. ಮೂವತ್ತು ವರ್ಷ ಸಂಸಾರ ಮಾಡಿ ನಾಲ್ಕು ಗಂಡುಮಕ್ಕಳನ್ನು ಬೆಳೆಸಿದವಳು ರಾತ್ರೋರಾತ್ರಿ ಯಾರ ಹೆಂಡತಿಯೂ ಅಲ್ಲದವಳಾದಳು! ಡರ್ಬನ್ ಬಳಿ ತಾವು ಕಟ್ಟಿದ್ದ ಫೀನಿಕ್ಸ್ ಆಶ್ರಮದ ಬೇರೆ ಹೆಂಗಸರನ್ನು ಸತ್ಯಾಗ್ರಹಕ್ಕೆ ಹುರಿದುಂಬಿಸಿದ ಗಾಂಧಿ ಹೆಂಡತಿಯನ್ನು ಕೇಳಿರಲಿಲ್ಲ. ತಮ್ಮ ಮಾತಿಗಾಗಿ ಒಪ್ಪಿ, ಆಮೇಲೆ ಕೋರ್ಟಿನಲ್ಲಿ ನಡುಗಿದರೆ ಎಂಬ ಅಳುಕು. ಮಾತುಕತೆ ಬಾ ಕಿವಿಗೆ ಬಿತ್ತು. ಜೈಲಿಗೆ ಹೋಗಲು ನನ್ನಲ್ಲಿ ಏನು ಕೊರತೆ ಕಂಡಿರಿ ಎಂದು ತಾವೇ ಬಂದು ಕೇಳಿದರು.

ಸೆಪ್ಟೆಂಬರಿನಲ್ಲಿ ಹನ್ನೆರಡು ಗಂಡಸರು, ನಾಲ್ಕು ಹೆಂಗಸರ ತಂಡ ಪರವಾನಗಿಯಿಲ್ಲದೆ ಟ್ರಾನ್ಸ್‌ವಾಲ್ ಪ್ರಾಂತದ ಗಡಿ ದಾಟಿತು. ಗಾಂಧಿಯ ಹೆಂಡತಿ ಎಂದು ಗೊತ್ತಾದರೆ ಪೊಲೀಸರು ಹಿಡಿಯದೆ ಬಿಟ್ಟಾರು ಎಂದು, ಹೆಸರು ವಿಳಾಸ ಹೇಳಬಾರದೆಂಬ ಕಟ್ಟಪ್ಪಣೆ ಇತ್ತು. ಹೆಸರು ಹೇಳದೆ ಸೆರೆಯಾದರು. ಮೂರು ತಿಂಗಳ ಕಠಿಣ ಶಿಕ್ಷೆ ಮುಗಿಸಿ ಮಾರಿಟ್ಸ್‌ಬರ್ಗ್ ಜೈಲಿನಿಂದ ಹೊರಬಂದಾಗ ಎಲುಬಿನ ಹಂದರವಾಗಿದ್ದರು.

1939ರಲ್ಲಿ ರಾಜಕೋಟ್ ಸಂಸ್ಥಾನದ ಹೋರಾಟಕ್ಕೂ ಗಾಂಧೀಜಿಗಿಂತ ಮೊದಲೇ ಹೋಗಿ ಬಂಧನಕ್ಕೊಳಗಾದರು. ಆಗ ವಯಸ್ಸು ಎಪ್ಪತ್ತರ ಹೊಸ್ತಿಲು. 1942ರ ಆಗಸ್ಟ್ 9ರಂದು ಬೆಳಗಿನ ಜಾವ ಮುಂಬಯಿಯಲ್ಲಿ ಗಾಂಧೀಜಿಯನ್ನು ಹಿಡಿದುಕೊಂಡು ಹೋದರು. ಅಂದು ಸಂಜೆ ಶಿವಾಜಿ ಪಾರ್ಕಿನ ಸಭೆಯಲ್ಲಿ ಅವರು ಮಾತನಾಡಬೇಕಿತ್ತು. ಸಭೆ ನಿಲ್ಲುವುದಿಲ್ಲ, ನಾನು ಮಾತನಾಡುತ್ತೇನೆ ಎಂದರು ಬಾ. ಸಭೆಗೆ ಹೋಗುವ ಮೊದಲೇ ಅವರನ್ನೂ ಬಂಧಿಸಿದರು.

ಪ್ರಶ್ನೆ: ಅವರಿಗೆ ಓದುಬರಹ ಬರುತ್ತಿತ್ತೇ? — ಓದುಗರೊಬ್ಬರು, ಧಾರವಾಡ

ಉತ್ತರ: ಗುಜರಾತಿಯನ್ನು ತಡವರಿಸುತ್ತ ಓದುತ್ತಿದ್ದರು, ಕಷ್ಟಪಟ್ಟು ಬರೆಯುತ್ತಿದ್ದರು. ಓದುಬರಹಕ್ಕೂ ಬುದ್ಧಿಗೂ ಗಂಟು ಹಾಕಬೇಡಿ. ಹಸು ಎಮ್ಮೆಗಳಿಂದ ಹಾಲು ಹಿಂಡುವ ಕ್ರೌರ್ಯ ಕಂಡು ಗಾಂಧೀಜಿ ಹಾಲು ಬಿಟ್ಟಿದ್ದರು. 1918ರಲ್ಲಿ ಹಾಸಿಗೆ ಹಿಡಿದಾಗ, ಹಾಲು ಕುಡಿಯದೆ ಮೈ ಕೂಡುವುದಿಲ್ಲ ಎಂದು ಮುಂಬಯಿಯ ಡಾಕ್ಟರ್ ದಲಾಲ್ ಹೇಳಿದರು. ವ್ರತ ಮುರಿಯಲಾರೆ ಎಂದು ರೋಗಿಯ ಹಟ. ಪಕ್ಕದಲ್ಲಿ ನಿಂತಿದ್ದ ಬಾ, ಹಾಗಾದರೆ ಆಡಿನ ಹಾಲಿಗೆ ಅಡ್ಡಿಯಿಲ್ಲವಲ್ಲ ಎಂದರು. ಬ್ಯಾರಿಸ್ಟರ್ ಸಾಹೇಬರು ಸೋತರು. ಗಾಂಧಿಯ ಜೊತೆಗೆ ನಾವೆಲ್ಲ ಚಿತ್ರದಲ್ಲಿ ಕಾಣುವ ಆ ಆಡು ಬಂದದ್ದು ಹೀಗೆ.

ಆಗಾ ಖಾನ್ ಅರಮನೆಯಲ್ಲಿ, ಎಪ್ಪತ್ತು ದಾಟಿದ ಮೇಲೆ, ಗಂಡನೇ ಮೇಷ್ಟ್ರಾದರು. ಗುಜರಾತಿ, ಭೂಗೋಳ. ಬರೆಯಲು ಒಂದು ನೋಟ್‌ಬುಕ್ ಬೇಕು ಎಂದು ಬಾ ಕೇಳಿದರಂತೆ. ಅಕ್ಷರ ದುಂಡಗಾಗುವವರೆಗೆ ಬಿಡಿ ಹಾಳೆಯಲ್ಲಿ ಬರೆ ಎಂದರು ಮೇಷ್ಟ್ರು. ಬಾಗೆ ಬೇಸರವಾಯಿತು.

ಅದೇ ಸೆರೆಯಲ್ಲಿ ಗಾಂಧೀಜಿಯ ಶಿಷ್ಯೆ ಮೀರಾಬೆನ್ ಜೊತೆ ಕೇರಂ ಆಡುವುದು ಬಾ ಅವರಿಗೆ ಬಲು ಇಷ್ಟವಾಗಿತ್ತು. ಸಾಗರದ ಅಮ್ಮನವರೇ, ಮುಂದಿನ ವರ್ಷ ಮೊಮ್ಮಗಳಿಗೆ ಮತ್ತೆ ವೇಷ ಹಾಕಿಸುವುದಾದರೆ ತಕಲಿಯ ಪಕ್ಕದಲ್ಲಿ ಒಂದು ಕೇರಂ ಬೋರ್ಡನ್ನೂ ಇಡಿ. ಬಾಯಿಪಾಠಕ್ಕೆ ಆ ಹಾರದ ಜಗಳದ ಮಾತು ಸಾಕು.